ಜೋಗ ನೋಡಿದೀರಾ ಅಂತ ಕೇಳುವವರಿಗೆ

ಶಿವಮೊಗ್ಗದ ಒಂದು ಛತ್ರ. ಮದುವೆ ಊಟದ ಎರಡನೇ ಪಂಕ್ತಿ. ಹೋಳಿಗೆ ಬಂದಿತ್ತು, ತುಪ್ಪ ಇನ್ನೂ ಬಂದಿರಲಿಲ್ಲ. ಎದುರು ಸಾಲಿನಿಂದ ನಮ್ಮೆಜಮಾನರ ದೊಡ್ಡಪ್ಪ, ಇಡೀ ಪಂಕ್ತಿಗೆ ಕೇಳಿಸೋ ಹಾಗೆ, "ಏನಮ್ಮಾ, ಗಂಡ ಹೆಂಡ್ತಿ ಬೆನ್ನಿಗೆ ಚೀಲ ಕಟ್ಕೊಂಡು ಗ್ರೀಸಿಗೆ ಹೋಗಿದ್ರಂತೆ! ಜೋಗ ನೋಡಿದೀರೋ ಇಲ್ವೋ?" ಅಂದರು. ಪಂಕ್ತಿ ನಕ್ಕಿತು. ನಾನೂ ನಕ್ಕೆ. ಅದೇ ತಪ್ಪಾಗಿದ್ದು. ನಾನು ನಕ್ಕಿದ್ದಕ್ಕೆ ಧೈರ್ಯ ಬಂದು ಪಕ್ಕದವರು "ಎಷ್ಟಾಯ್ತು?" ಅಂದರು. ಅವರ ಪಕ್ಕದ ಹೆಂಗಸು ದನಿ ತಗ್ಗಿಸಿ, "ಮಕ್ಕಳಾಗೋಕೆ ಮುಂಚೆ ಎಲ್ಲಾ ಮುಗಿಸ್ಕೋಬೇಕು ಬಿಡಿ" ಅಂದರು.

ಹೋಗಿ ಬಂದು ವರ್ಷದ ಮೇಲಾಯ್ತು, ಈ ಮೂರು ಮಾತು ಇನ್ನೂ ಮುಗಿದಿಲ್ಲ. ಎಲೆ ಮುಂದೆ ಕೂತು ಹಿರಿಯರಿಗೆ ಉತ್ತರ ಕೊಡೋಕೆ ಆಗಲ್ಲ. ಇಲ್ಲಿ ಕೊಡ್ತೀನಿ. ಸ್ವಲ್ಪ ಖಾರ ಇರುತ್ತೆ, ಮೊದಲೇ ಹೇಳಿಬಿಟ್ಟಿದೀನಿ.

ಜೋಗ ನೋಡಿದೀನಿ ಮಾರಾಯ್ರೆ. ಭದ್ರಾವತಿಯಲ್ಲಿ ಹುಟ್ಟಿ ಬೆಳೆದವಳು, ಶಿವಮೊಗ್ಗಕ್ಕೆ ಸೊಸೆಯಾಗಿ ಬಂದವಳು ಜೋಗ ನೋಡದೆ ಎಲ್ಲಿ ಹೋಗ್ತಾಳೆ? ಸ್ಕೂಲ್ ಟ್ರಿಪ್ಪು, ಕಾಲೇಜ್ ಟ್ರಿಪ್ಪು, ನೆಂಟರು ಬಂದಾಗ, ನೆಂಟರ ನೆಂಟರು ಬಂದಾಗ. ಕೂಡ್ಲಿಯಲ್ಲಿ ತುಂಗೆ ಭದ್ರೆ ಸೇರೋ ಜಾಗದಲ್ಲಿ ಕಾಲು ಇಳಿಬಿಟ್ಟು ಕೂತಿದೀನಿ. ನಮ್ಮ ಹಳೇ ಭದ್ರಾವತಿಯ ಲಕ್ಷ್ಮೀನರಸಿಂಹ ದೇವಸ್ಥಾನ ಹೊಯ್ಸಳರದ್ದು ಅಂತ ಗೊತ್ತು. ನನ್ನ ಅನುಭವದಲ್ಲಿ ಒಂದು ವಿಚಿತ್ರ ಇದೆ. ಜೋಗ ನೋಡಿದೀಯಾ ಅಂತ ಕೇಳೋರು ಜೋಗಕ್ಕೆ ಹೋಗಿ ಬಹಳ ಕಾಲ ಆಗಿರುತ್ತೆ. ದೊಡ್ಡಪ್ಪನವರು ಮನೆಯಿಂದ ಹದಿನೈದು ಕಿಲೋಮೀಟರಿನ ಕೂಡ್ಲಿಗೆ ಹೋಗಿ ಎಷ್ಟು ವರ್ಷ ಆಯ್ತು ಅಂತ ನಾನು ಕೇಳಲಿಲ್ಲ. ಕೇಳಬಹುದಿತ್ತು.

ಈ ಪ್ರಶ್ನೆಯಲ್ಲಿ ಜೋಗದ ಮೇಲೆ ಪ್ರೀತಿ ಏನೂ ಇಲ್ಲ. "ನಿನ್ನ ಯೋಗ್ಯತೆ ಇಷ್ಟು, ಇಲ್ಲೇ ಇರು" ಅನ್ನೋದನ್ನ ಊರಾಭಿಮಾನದ ಶಾಲು ಹೊದಿಸಿ ಹೇಳೋದು ಅಷ್ಟೆ. ಮಗ ಅಮೆರಿಕಾದಲ್ಲಿ ಕೆಲಸ ಸಿಕ್ಕಿ ಹೊರಟರೆ ಯಾರೂ "ಜೋಗ ನೋಡಿದೀಯಾ" ಅಂತ ಕೇಳಲ್ಲ, ಏರ್‌ಪೋರ್ಟಿಗೆ ಇಡೀ ಬೀದಿ ಹೋಗುತ್ತೆ. ದುಡಿಯೋಕೆ ಹೋದರೆ ಸರಿ, ಸೊಸೆ ಬಾಣಂತನಕ್ಕೆ ಅತ್ತೆ ಹೋದರೆ ಸರಿ. ಸುಮ್ಮನೆ ನೋಡೋಕೆ, ಅದೂ ಸ್ವಂತ ದುಡ್ಡಲ್ಲಿ, ಗಂಡ ಹೆಂಡತಿ ಇಬ್ಬರೇ ಹೋದರೆ ಮಾತ್ರ ಜೋಗ ನೆನಪಾಗುತ್ತೆ.

ಅಭಿಮಾನದ ಮಾತು ಬಂದಿದ್ದಕ್ಕೆ ದ್ವೀಪದ ಕಥೆಯನ್ನೇ ಹೇಳ್ತೀನಿ. ನಾವು ಗ್ರೀಸಿನಲ್ಲಿ ಆರು ದಿನ ನಾಕ್ಸೋಸ್ ಅನ್ನೋ ದ್ವೀಪದಲ್ಲಿದ್ವಿ. ಅಲ್ಲಿಂದ ಸ್ಕೋಪೆಲೀಟಿಸ್ ಅಂತ ಒಂದು ಪುಟ್ಟ ಹಡಗು ಇನ್ನೂ ಪುಟ್ಟ ದ್ವೀಪಗಳಿಗೆ ಹೋಗುತ್ತೆ. ಕೂಫೊನೀಸಿ ಅನ್ನೋ ದ್ವೀಪದಲ್ಲಿ ನಾವು ಇಳಿದ್ವಿ, ಅಲ್ಲಿ ಇರೋ ಜನ ನಾನೂರರ ಆಸುಪಾಸು. ಹಡಗಿನಿಂದ ನಮ್ಮ ಜೊತೆ ಇಳಿದದ್ದು ತರಕಾರಿ ಡಬ್ಬಗಳು, ಒಂದು ಫ್ರಿಜ್ಜು, ಗ್ಯಾಸ್ ಸಿಲಿಂಡರುಗಳು, ಒಬ್ಬ ಪಾದ್ರಿ. ಇಂಥ ಲಾಭ ಬಾರದ ಮಾರ್ಗಗಳಿಗೆ ಅಲ್ಲಿ ಸರ್ಕಾರವೇ ದುಡ್ಡು ಕೊಟ್ಟು ಹಡಗು ಓಡಿಸುತ್ತೆ, ಪ್ರವಾಸಿಗಳೇ ಇಲ್ಲದ ಚಳಿಗಾಲದಲ್ಲೂ. ಅವರ ಭಾಷೆಯಲ್ಲಿ ಅವಕ್ಕೆ "ಬಂಜರು ಮಾರ್ಗ" ಅಂತಲೇ ಹೆಸರು. 2018ರಿಂದ ದ್ವೀಪದವರ ಟಿಕೆಟ್ ಖರ್ಚಿನಲ್ಲಿ ಒಂದು ಪಾಲು ವಾಪಸ್ ಕೊಡೋ ಯೋಜನೆಯೂ ಇದೆ. ನೆನಪಿರಲಿ, ಇದು ಸಾಲದಲ್ಲಿ ಮುಳುಗಿ ಹತ್ತು ವರ್ಷ ಒದ್ದಾಡಿದ ದೇಶ.

ಆ ಹಡಗಿನ ಡೆಕ್ಕಿನಲ್ಲಿ ನಿಂತು ನನಗೆ ನೆನಪಾದದ್ದು ತುಮರಿ. ನಮ್ಮ ಜಿಲ್ಲೆಯಲ್ಲೂ ದ್ವೀಪ ಇತ್ತು ಅಲ್ವಾ? 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿ ಹಿನ್ನೀರು ಸುತ್ತಿಕೊಂಡ ಮೇಲೆ ಸಾಗರ ತಾಲೂಕಿನ ಕರೂರು ಸೀಮೆಯ ಜನ ತಮ್ಮ ಊರನ್ನ "ದ್ವೀಪ" ಅಂತಲೇ ಕರೀತಾ ಬಂದರು. ಸಾಗರದ ನಾ. ಡಿಸೋಜ ಅವರು "ದ್ವೀಪ" ಅಂತ ಕಾದಂಬರಿ ಬರೆದರು, ಕಾಸರವಳ್ಳಿ ಅದನ್ನ ಸಿನಿಮಾ ಮಾಡಿದರು, ಅದಕ್ಕೆ ರಾಷ್ಟ್ರಪ್ರಶಸ್ತಿ ಬಂತು. ಸೇತುವೆ ಬಂದದ್ದು ಮಾತ್ರ 2025ರ ಜುಲೈ 14ಕ್ಕೆ. ಅಲ್ಲೀವರೆಗೆ ಲಾಂಚು. ಲಾಂಚೂ ಸರ್ಕಾರದ್ದೇ, ಇಲ್ಲ ಅನ್ನಲ್ಲ. ಆದರೆ ಕತ್ತಲಾದ ಮೇಲೆ ನಿಲ್ಲೋದು, ಬೇಸಿಗೆಯಲ್ಲಿ ನೀರು ತಗ್ಗಿದರೆ ವಾಹನ ಹತ್ತಿಸಲ್ಲ ಅನ್ನೋದು. ರಾತ್ರಿ ಹೊಟ್ಟೆನೋವು ಬಂದರೆ? ಅರವತ್ತೊಂದು ವರ್ಷ. ಆ ಅರವತ್ತೊಂದು ವರ್ಷವೂ ಶರಾವತಿಯ ಕರೆಂಟಿನಲ್ಲಿ ನಮ್ಮ ಮನೆಗಳ ಫ್ಯಾನು ತಿರುಗ್ತಾ ಇತ್ತು. ನಾವು ಭದ್ರಾವತಿ ಶಿವಮೊಗ್ಗದವರು ಸಿಗಂದೂರಿಗೆ ಹೋಗಿ ಲಾಂಚ್ ಮೇಲೆ ನಿಂತು ಫೋಟೋ ತೆಗೆಸ್ಕೊಂಡು "ಎಷ್ಟು ಚಂದ" ಅಂದ್ವಿ. ನಾನೂ ಅಂದಿದೀನಿ. ಎಷ್ಟೋ ಸಲ ಹೋದರೂ ತುಮರಿಯವರಿಗೆ ಈ ಲಾಂಚು ಏನು ಅಂತ ನನಗೆ ಹೊಳೆದಿರಲಿಲ್ಲ. ಹೊಳೆದದ್ದು ಅಷ್ಟು ದೂರ ಹೋಗಿ ಇನ್ನೊಬ್ಬರ ದ್ವೀಪದ ಫ್ರಿಜ್ಜು ಇಳಿಯೋದನ್ನ ನೋಡಿದಾಗ. ಹಾಗಾಗಿ ದೊಡ್ಡಪ್ಪಾ, ಜೋಗ ನೋಡಿದ್ದೆ, ಆದರೆ ಸರಿಯಾಗಿ ನೋಡಿದ್ದು ಗ್ರೀಸಿಗೆ ಹೋದ ಮೇಲೆ ಅಂತ ಬೇಕಾದರೆ ಬರ್ಕೊಳಿ.

ಗ್ರೀಸಿಗೂ ನಮಗೂ ಏನು ಸಂಬಂಧ ಅನ್ನೋರೂ ಇದಾರೆ. ಪಿರೇಯಸ್ ಬಂದರಿನಿಂದ ಹಡಗು ಹೊರಟಾಗ ಬಲಗಡೆ ಸಾಲಮಿಸ್ ದ್ವೀಪ ಕಾಣುತ್ತೆ. ಕ್ರಿಸ್ತಪೂರ್ವ 480ರಲ್ಲಿ ಪರ್ಷಿಯನ್ನರ ಹಡಗುಪಡೆ ಸೋತದ್ದು ಆ ಜಲಸಂಧಿಯಲ್ಲಿ. ಆ ಸೋಲಿನ ಮೇಲೆ ಈಸ್ಕಿಲಸ್ ಬರೆದ ನಾಟಕವನ್ನ ಬಿ.ಎಂ.ಶ್ರೀ ಅವರು "ಪಾರಸಿಕರು" ಅಂತ ಕನ್ನಡಕ್ಕೆ ತಂದರು. ಸಾಲಮಿಸ್‌ನ ವೀರ ಏಜಾಕ್ಸನ ಕಥೆಯನ್ನ ನಮ್ಮ ಅಶ್ವತ್ಥಾಮನಿಗೆ ಹೊಂದಿಸಿ "ಅಶ್ವತ್ಥಾಮನ್" ಬರೆದರು. ನಮ್ಮದೇ ಜಿಲ್ಲೆಯ ಕೊನಗವಳ್ಳಿಯ ಲಂಕೇಶರು ಈಡಿಪಸ್ಸನನ್ನ, ಅಂತಿಗೊನೆಯನ್ನ ಕನ್ನಡದಲ್ಲಿ ಮಾತಾಡಿಸಿದರು. ಈಜಿಪ್ಟಿನಲ್ಲಿ ಸಿಕ್ಕ ಹಳೇ ಗ್ರೀಕ್ ಪ್ರಹಸನದಲ್ಲಿ ಕನ್ನಡ ಮಾತು ಇದೆಯೋ ಇಲ್ಲವೋ ಅಂತ ಪಂಡಿತರು ನೂರು ವರ್ಷದಿಂದ ಜಗಳ ಆಡ್ತಾ ಇದಾರೆ, ಇನ್ನೂ ತೀರ್ಮಾನ ಆಗಿಲ್ಲ. ಕಾರಂತರು ಯುರೋಪು ಸುತ್ತಿ "ಅಪೂರ್ವ ಪಶ್ಚಿಮ" ಬರೆದಾಗ, ನೇಮಿಚಂದ್ರ ಅವರು ಗೆಳತಿಯ ಜೊತೆ ಹೊರಟು ಪೆರುವಿನ ಕಥೆ ಬರೆದಾಗ ಓದಿ ಖುಷಿಪಟ್ಟವರು ನಾವೇ. ಪುಸ್ತಕದಲ್ಲಿ ಆದರೆ ಸಾಹಿತ್ಯ, ಪಕ್ಕದ ಮನೆಯವಳು ಹೋದರೆ ಶೋಕಿ :)

ಈಗ ದುಡ್ಡಿನ ವಿಷಯ. ಇದರಲ್ಲಿ ನನ್ನ ಸಿಟ್ಟು ಪಂಕ್ತಿಯವರ ಮೇಲಲ್ಲ, ನಮ್ಮಂಥ ಬರೆಯುವವರ ಮೇಲೆ. ಕನ್ನಡದಲ್ಲಿ ಎಷ್ಟು ಪ್ರವಾಸದ ಬರಹ ಓದಿದೀನಿ, ಸೂರ್ಯಾಸ್ತ ಇರುತ್ತೆ, ನೀಲಿ ಗುಮ್ಮಟ ಇರುತ್ತೆ, "ಮಾತು ಮೌನವಾಯಿತು" ಇರುತ್ತೆ. ಎಷ್ಟು ಖರ್ಚಾಯ್ತು, ರಜೆ ಹೇಗೆ ಸಿಕ್ತು, ಬಟ್ಟೆ ಎಲ್ಲಿ ಒಗೆದ್ರಿ, ಊಹೂಂ. ಓದಿದವರಿಗೆ ಅದು ದೇವಲೋಕ ಅನ್ನಿಸಬೇಕು, ಬರೆದವರು ದೇವತೆಗಳು ಅನ್ನಿಸಬೇಕು. ಭದ್ರಾವತಿ ನ್ಯೂ ಟೌನಿನ ಕ್ವಾರ್ಟರ್ಸಿನಲ್ಲಿ ಕೂತು ಹದಿನೆಂಟು ವರ್ಷದ ನಾನು ಅಂಥದ್ದನ್ನ ಓದಿ ಪುಸ್ತಕ ಮುಚ್ಚಿ "ಇದು ನಮ್ಮಂಥವರಿಗಲ್ಲ" ಅಂದುಕೊಂಡಿದ್ದೆ. ಆ ಮಾತು ತಲೆಯಿಂದ ಹೋಗೋಕೆ ಹದಿನೈದು ವರ್ಷ ಹಿಡೀತು. ಹಾಗಾಗಿ ನಾನು ಲೆಕ್ಕ ಕೊಡ್ತೀನಿ, ನಾಚಿಕೆ ಇಲ್ಲದೆ.

2024ರ ಏಪ್ರಿಲ್ 20ರಿಂದ ಮೇ 14ರವರೆಗೆ. ಅಥೆನ್ಸ್, ನಾಕ್ಸೋಸ್, ಸೈರೋಸ್, ಆಮೇಲೆ ಪಾತ್ರಾಸ್‌ನಿಂದ ರಾತ್ರಿ ಹಡಗಿನಲ್ಲಿ ಇಟಲಿಯ ಬಾರಿ, ವೆನಿಸ್, ವಿಯೆನ್ನಾ. ಇಬ್ಬರದ್ದೂ ಸೇರಿ ವಿಮಾನ 1,20,000 ರೂಪಾಯಿ. ವೀಸಾ 18,000, ಆಗ ತಲೆಗೆ 80 ಯೂರೋ ಇತ್ತು, 2024ರ ಜೂನ್‌ನಲ್ಲಿ 90 ಆಯ್ತು, ಮೇಲೆ ಸರ್ವಿಸ್ ಚಾರ್ಜು. ಇನ್ಶೂರೆನ್ಸ್ 3,500. ಅಲ್ಲಿನ ಹಡಗು, ರೈಲು, ಬಸ್ಸು 60,000. ರೂಮು ದಿನಕ್ಕೆ ಸರಾಸರಿ 50 ಯೂರೋ ಅಂತೆ 99,000. ಊಟ ತಿಂಡಿ 52,000. ಮ್ಯೂಸಿಯಂ, ಸಿಮ್ಮು, ಚಿಲ್ಲರೆ 25,500. ಒಟ್ಟು 3,78,000. ಎಲ್ಲಿಂದ ಬಂತು? ತಿಂಗಳಿಗೆ 10,000ದ ಆರ್.ಡಿ., ಮೂರು ವರ್ಷ. ಬಡ್ಡಿ ಸೇರಿ ನಾಲ್ಕು ಲಕ್ಷದ ಹತ್ತಿರ ಬಂತು. ಇಬ್ಬರೂ ಸಂಬಳದವರು, ಕಾರು ತಗೊಂಡಿಲ್ಲ, ಅಷ್ಟೇ ಗುಟ್ಟು. ಮತ್ತೆ ಯಾರ ದುಡ್ಡು ಕಮ್ಮಿ ಇದೆಯೋ ಅವರಿಗೆ ಇದೂ ದೊಡ್ಡ ಮೊತ್ತವೇ, ಗೊತ್ತು ನನಗೆ. "ಎಲ್ಲರೂ ಹೋಗಬಹುದು" ಅನ್ನೋ ಸುಳ್ಳು ಹೇಳಲ್ಲ. ಆದರೆ "ಎಷ್ಟಾಯ್ತು" ಅಂತ ಕೇಳಿದರಲ್ಲ, ಆ ಮದುವೆ ಊಟ ಎಲೆಗೆ 350ರಂತೆ 1,200 ಎಲೆ. 4,20,000. ಒಂದು ಮಧ್ಯಾಹ್ನಕ್ಕೆ. ಅದನ್ನ ಯಾರೂ ದುಂದು ಅನ್ನಲಿಲ್ಲ. ತುಪ್ಪ ಕಡಿಮೆ ಬಡಿಸಿದರು ಅಂದರು.

ಚೀಲದ ವಿಷಯ. "ಬ್ಯಾಕ್‌ಪ್ಯಾಕಿಂಗ್" ಅಂದರೆ ಏನೋ ಸಾಹಸ ಅಂದುಕೊಳ್ತಾರೆ. ಎಂಟು ಕಿಲೋ ಮೀರದ ಚೀಲ, ನಾಲ್ಕು ಜೊತೆ ಬಟ್ಟೆ, ಒಂದು ಸೋಪು, ಒಂದು ಬಟ್ಟೆ ಹಗ್ಗ, ಎರಡು ಪ್ಯಾಕೆಟ್ ಗೊಜ್ಜವಲಕ್ಕಿ ಪುಡಿ. ಇದು ಧರ್ಮಸ್ಥಳಕ್ಕೆ ನಡ್ಕೊಂಡು ಹೋಗೋರು ನೂರು ವರ್ಷದಿಂದ ಮಾಡ್ತಾ ಇರೋದೇ. ಜಗಳವೂ ಆಯ್ತು, ಬರೀಲೇಬೇಕು. ಪಿರೇಯಸ್ ಬಂದರಿನ ಗೇಟುಗಳಿಗೆ ನಂಬರು ಇರುತ್ತೆ. ಬೆಳಗಿನ ಜಾವ ಇವರು ಒಂದು ಗೇಟು ಅಂದರು, ನಾನು ಇನ್ನೊಂದು ಅಂದೆ. ಇವರ ಮಾತು ಕೇಳಿ ನಡೆದ್ವಿ. ಹಡಗು ಇದ್ದದ್ದು ನಾನು ಹೇಳಿದ ಗೇಟಿನಲ್ಲಿ. ಬೆನ್ನ ಮೇಲೆ ಎಂಟು ಕಿಲೋ ಹೊತ್ತು ಓಡಿದ್ವಿ, ಹತ್ತಿದ ಮೇಲೆ ಎರಡು ಗಂಟೆ ಮಾತಿಲ್ಲ. ಸುತ್ತ ಏಜಿಯನ್ ಸಮುದ್ರ, ನೀಲಿ ಅಂದರೆ ನೀಲಿ, ನಾನು ಗೊಜ್ಜವಲಕ್ಕಿ ಕಲಸಿ ಒಬ್ಬಳೇ ತಿಂದೆ.

ಊಟಕ್ಕೆ ಏನು ಮಾಡ್ತೀರಿ ಅಂತ ಹೆದರಿಸಿದವರಿಗೂ ಒಂದು ಮಾತು. ನಮ್ಮ ಕಡೆ ಯುರೋಪ್ ಪ್ಯಾಕೇಜ್ ಟೂರಿನಲ್ಲಿ ಅಡುಗೆಯವರನ್ನೇ ಕರ್ಕೊಂಡು ಹೋಗ್ತಾರೆ, ಹತ್ತು ದಿನಕ್ಕೆ ಏಳು ದೇಶ ತೋರಿಸ್ತಾರೆ, ದಿನಾ ರಾತ್ರಿ ದಾಲು ಅನ್ನ. ವಯಸ್ಸಾದವರು ಹಾಗೆ ಹೋಗಲಿ, ನನ್ನ ತಕರಾರಿಲ್ಲ. ಆದರೆ ಮಾಂಸ ತಿನ್ನದವರು ಅಲ್ಲಿ ಉಪವಾಸ ಬೀಳ್ತಾರೆ ಅನ್ನೋದು ಸುಳ್ಳು. ನಾವು ಹೋದಾಗ ಅವರ ಈಸ್ಟರ್‌ಗೆ ಮುಂಚಿನ ವ್ರತದ ಕಾಲ, ಅವರ ಈಸ್ಟರ್ ಆ ವರ್ಷ ಮೇ 5ಕ್ಕೆ. ವ್ರತ ಹಿಡಿದವರು ಮಾಂಸ, ಮೊಟ್ಟೆ ಇರಲಿ, ಹಾಲು ಬೆಣ್ಣೆ ಕೂಡ ಮುಟ್ಟಲ್ಲ. ವ್ರತದ ಅಡುಗೆಗೆ "ನಿಸ್ತೀಸಿಮಾ" ಅಂತ ಹೆಸರು, ಆ ಒಂದು ಪದ ಕಲಿತರೆ ಸಾಕು. ದಪ್ಪ ಅವರೆಯಂಥ ಕಾಳು ಟೊಮೇಟೋದಲ್ಲಿ ಬೇಯಿಸಿದ್ದು, ಗುಡ್ಡದ ಸೊಪ್ಪು ಬೇಯಿಸಿ ನಿಂಬೆಹಣ್ಣು ಹಿಂಡಿದ್ದು, ಫಾವಾ ಅಂತ ಹಳದಿ ಬಟಾಣಿ ಬೇಳೆಯದ್ದು. ಫಾವಾ ಬಾಯಿಗಿಟ್ಟು ಇವರು ನನ್ನ ಮುಖ ನೋಡಿದರು. ತೊವ್ವೆ! ಒಗ್ಗರಣೆ ಒಂದು ಇಲ್ಲ, ಎಣ್ಣೆ ಮಾತ್ರ ಧಾರಾಳ.

ಸ್ಯಾಂಟೊರಿನಿಗೆ ನಾವು ಹೋಗಲಿಲ್ಲ. ಇದನ್ನ ಹೇಳಿದರೆ ನಮ್ಮ ಪ್ರವಾಸಿ ಗೆಳೆಯರಿಗೆ ಆಘಾತ, ತಿರುಪತಿಗೆ ಹೋಗಿ ದರ್ಶನ ಮಾಡದೆ ಬಂದ ಹಾಗೆ. ಆ ದ್ವೀಪದಲ್ಲಿ ಇರೋರು 15,000ದ ಆಸುಪಾಸು, 2023ರಲ್ಲಿ ಬಂದುಹೋದವರು 30 ಲಕ್ಷಕ್ಕೂ ಮೇಲೆ. ಎಲ್ಲರೂ ಫೋಟೋ ತೆಗೆಯೋ ಆ ಬಿಳಿ ಗುಹೆಮನೆಗಳು ಮೊದಲು ಬಡವರ, ನಾವಿಕರ ಮನೆಗಳು, ಸುಣ್ಣ ಬಳಿದದ್ದು. 1956ರ ಜುಲೈ ಭೂಕಂಪದಲ್ಲಿ ಬಿದ್ದುಹೋಗಿ ಜನ ಊರು ಬಿಟ್ಟಿದ್ದರು. ಈಗ ಅದರಲ್ಲಿ ಒಂದು ರಾತ್ರಿಗೆ ನಮ್ಮ ತಿಂಗಳ ಸಂಬಳ. ದ್ವೀಪಕ್ಕೆ ವರ್ಗವಾಗಿ ಬಂದ ಮೇಷ್ಟ್ರು, ಡಾಕ್ಟ್ರುಗಳಿಗೆ ಬಾಡಿಗೆ ಮನೆ ಸಿಗಲ್ಲ, ಎಲ್ಲಾ ಪ್ರವಾಸಿಗರ ರೂಮು. 2025ರ ಫೆಬ್ರವರಿಯಲ್ಲಿ ಮತ್ತೆ ಮೇಲಿಂದ ಮೇಲೆ ಭೂಮಿ ನಡುಗಿದಾಗ ಸಾವಿರಾರು ಜನ ಹಡಗು ಹತ್ತಿದ್ದನ್ನ ಟಿವಿಯಲ್ಲಿ ನೋಡಿದೆ. ಇದನ್ನ ಬರೆಯೋವಾಗ ನಾನು ದೊಡ್ಡ ಸಾಚಾ ಅಂತ ಅಲ್ಲ. ನಾಕ್ಸೋಸ್‌ನಲ್ಲಿ ನಾವು ಉಳಿದ ರೂಮಲ್ಲಿ ಯಾರೋ ಒಬ್ಬ ಟೀಚರ್ ಇರಬಹುದಿತ್ತು. ವೆನಿಸ್‌ನಲ್ಲಿ ಆ ವರ್ಷವೇ ಜನ ತಗ್ಗಿಸೋಕೆ ಅಂತ ಹಗಲು ಬಂದುಹೋಗೋರಿಗೆ 5 ಯೂರೋ ಟಿಕೆಟ್ ಇಟ್ಟಿದ್ದರು. ನಾವು ಅದೇ ನಗರಸಭೆಯ ಮೆಸ್ತ್ರೆಯಲ್ಲಿ ಉಳಿದಿದ್ದಕ್ಕೆ ವಿನಾಯ್ತಿ ಸಿಕ್ತು, ಆದರೂ ಗಲ್ಲಿಗಳಲ್ಲಿ ನೂಕುನುಗ್ಗಲಿಗೆ ನಮ್ಮ ಎರಡು ಮೈ ಸೇರಿಸಿದ್ವಿ. ವೀಕೆಂಡಿಗೆ ಆಗುಂಬೆ, ಕೊಡಚಾದ್ರಿ ರಸ್ತೆಯಲ್ಲಿ ಬೆಂಗಳೂರಿನ ಕಾರು ನೋಡಿ ನಾವು ಬೈತೀವಲ್ಲ, ಅಲ್ಲಿ ಆ ಬೆಂಗಳೂರಿನವರು ನಾವೇ. ಇದನ್ನ ಬರೆಯದೆ ಬರೀ ನೀಲಿ ಗುಮ್ಮಟದ ಫೋಟೋ ಹಾಕೋದು ಮೋಸ.

ಇಬ್ಬರೇ ಹೋದದ್ದಕ್ಕೆ, ಮಕ್ಕಳಾಗೋಕೆ ಮುಂಚೆ ಅಂದದ್ದಕ್ಕೆ ನನ್ನ ಬಳಿ ಉದ್ದ ಉತ್ತರ ಇಲ್ಲ. ವೀಸಾ ಅರ್ಜಿಗೆ ರಜೆ ಪತ್ರ ಕೇಳೋಕೆ ಹೋದಾಗ ಕಚೇರಿಯಲ್ಲೂ ಒಬ್ಬರು ಇದನ್ನೇ ಕೇಳಿದರು. ಇವರನ್ನ ಇವರ ಕಚೇರಿಯಲ್ಲಿ ಯಾರೂ ಕೇಳಲಿಲ್ಲ. ಬ್ಯಾಂಕ್ ಸ್ಟೇಟ್‌ಮೆಂಟು, ಐ.ಟಿ. ರಿಟರ್ನು, ರೂಮ್ ಬುಕಿಂಗು, 30,000 ಯೂರೋ ಇನ್ಶೂರೆನ್ಸು ಎಲ್ಲಾ ಹಿಡ್ಕೊಂಡು ರೈಲು ಹತ್ತಿ ಬೆಂಗಳೂರಿಗೆ ಹೋಗಿ ಹತ್ತು ಬೆರಳು ಒತ್ತಿ ಬಂದ್ವಿ. ಒಂದು ಪರದೇಶದ ಸರ್ಕಾರ ಕೂಡ ಕೇಳದ ಪ್ರಶ್ನೆಯನ್ನ ಪಂಕ್ತಿಯಲ್ಲಿ ಕೇಳ್ತೀರಿ ಅಂದರೆ, ತಪ್ಪು ನಿಮ್ಮದು, ನನ್ನದಲ್ಲ.

ಇನ್ನು ಸೈರೋಸ್. ಪ್ರವಾಸಿ ಪಟ್ಟಿಗಳಲ್ಲಿ ಇದರ ಹೆಸರು ಕೊನೆಗೆ ಬರುತ್ತೆ. ನಾನು ಹೋದದ್ದು ಇದಕ್ಕಾಗಿಯೇ. ಅಲ್ಲಿನ ಎರ್ಮೂಪೊಲಿ ಪಟ್ಟಣ ಕಟ್ಟಿದ್ದು 1820ರ ದಶಕದಲ್ಲಿ ಕಿಯೋಸ್ ಮುಂತಾದ ಕಡೆಯಿಂದ ಜೀವ ಉಳಿಸಿಕೊಂಡು ಓಡಿಬಂದ ನಿರಾಶ್ರಿತರು. ಒಂದು ಕಾಲಕ್ಕೆ ಗ್ರೀಸಿನ ದೊಡ್ಡ ಬಂದರು. ಒಂದು ಗುಡ್ಡದ ಮೇಲೆ ಕ್ಯಾಥೊಲಿಕ್ಕರು, ಇನ್ನೊಂದರ ಮೇಲೆ ಆರ್ಥೊಡಾಕ್ಸಿನವರು, ಈಸ್ಟರ್ ಮಾತ್ರ ಇಬ್ಬರೂ ಒಂದೇ ದಿನ ಮಾಡ್ತಾರೆ. ಗುಡ್ ಫ್ರೈಡೇ ರಾತ್ರಿ ಹೂವಿನ ಮಂಟಪಗಳನ್ನ ಹೊತ್ತುಕೊಂಡು ಬೇರೆ ಬೇರೆ ಚರ್ಚಿನವರು ದೊಡ್ಡ ಚೌಕದಲ್ಲಿ ಸೇರ್ತಾರೆ. ನಮ್ಮೂರ ಉತ್ಸವವೇ, ಡೊಳ್ಳು ಇಲ್ಲ ಅಷ್ಟೆ. ಊರ ನಡುವೆ, ಚೌಕದಿಂದ ನಡೆದು ಹೋಗೋ ದೂರದಲ್ಲಿ, 1861ರಲ್ಲಿ ಶುರುವಾದ ನಿಯೋರಿಯನ್ ಹಡಗು ಕಾರ್ಖಾನೆ. ಕ್ರೇನುಗಳು ಮನೆಗಳ ಸೂರಿನ ಮೇಲೆ ಕಾಣ್ತವೆ. ಹಲವು ಸಲ ಮುಗ್ಗರಿಸಿ, 2018ರಲ್ಲಿ ಹೊಸ ಕಂಪನಿ ಕೈಗೆ ಬಂದು ಮತ್ತೆ ಕೆಲಸ ಹಿಡೀತು. ನಾವು ಇದ್ದ ದಿನ ಬೆಳಗ್ಗೆ ಕಬ್ಬಿಣ ಕಬ್ಬಿಣಕ್ಕೆ ಬಡಿಯೋ ಸದ್ದಿಗೆ ಎಚ್ಚರ ಆಯ್ತು. ಎಷ್ಟೋ ವರ್ಷ ಆಗಿತ್ತು ಆ ಸದ್ದಿಗೆ ಎದ್ದು.

ವಾಪಸ್ ಬಂದು ಭದ್ರಾವತಿ ಮನೆಯಲ್ಲಿ ಅಪ್ಪನಿಗೆ ಟಿವಿಯಲ್ಲಿ ಫೋಟೋ ತೋರಿಸಿದೆ. ಅಪ್ಪ ಇಡೀ ಆಯುಷ್ಯ ಕಾರ್ಖಾನೆ ಶಿಫ್ಟಿನಲ್ಲಿ ಕಳೆದವರು. ಅಕ್ರೊಪೊಲಿಸ್ ಬಂತು, ಹೂಂ ಅಂದರು. ವೆನಿಸ್ ಬಂತು, ಹೂಂ. ಕ್ರೇನಿನ ಫೋಟೋ ಬಂದಾಗ "ನಿಲ್ಲಿಸು" ಅಂದರು. ಎದ್ದು ಟಿವಿ ಹತ್ತಿರ ಹೋದರು.

"ಇದು ನಡೀತಿದೆಯಾ?"

"ನಡೀತಿದೆ ಅಪ್ಪ."

"ಯಾವಾಗಿಂದು?"

"1861."

ನಮ್ಮದು 1918ರಲ್ಲಿ ಶುರುವಾದದ್ದು, ಕಬ್ಬಿಣ ಬಂದದ್ದು 1923ರಲ್ಲಿ. ಪಕ್ಕದ ಪೇಪರ್ ಮಿಲ್ಲಿನ ಯಂತ್ರಗಳು 2015-16ರ ಹೊತ್ತಿಗೆ ನಿಂತವು. ಉಕ್ಕಿನ ಕಾರ್ಖಾನೆ ಮುಚ್ಚೋ ನಿರ್ಧಾರ 2023ರ ಜನವರಿಯಲ್ಲಿ ಬಂತು, ಕಾರ್ಮಿಕರು ಧರಣಿ ಕೂತರು, ಅದೇ ಆಗಸ್ಟಿನಲ್ಲಿ ಒಂದು ಭಾಗ ಮತ್ತೆ ಓಡಿತು. ಅಪ್ಪ ಇದೆಲ್ಲಾ ಹೇಳಲಿಲ್ಲ, ಅವರಿಗೂ ಗೊತ್ತು ನನಗೂ ಗೊತ್ತು. "ಅಲ್ಲಿ ಎಷ್ಟು ಜನ ಕೆಲಸಕ್ಕಿದಾರೆ, ಪರ್ಮನೆಂಟಾ ಕಾಂಟ್ರಾಕ್ಟಾ?" ಅಂತ ಕೇಳಿದರು. ನನಗೆ ಗೊತ್ತಿರಲಿಲ್ಲ. "ಅಷ್ಟು ದೂರ ಹೋದವಳು ಅದನ್ನ ಕೇಳ್ಕೊಂಡು ಬರೋದಲ್ವಾ" ಅಂದರು. ನಮ್ಮ ಪ್ರವಾಸದ ಬಗ್ಗೆ ಇಲ್ಲೀವರೆಗೆ ಬಂದ ಮಾತುಗಳಲ್ಲಿ ನಾನು ಒಪ್ಪಿಕೊಂಡ ಟೀಕೆ ಇದೊಂದೇ.

ಯಾರಾದರೂ ಹೋಗೋ ಯೋಚನೆಯಲ್ಲಿದ್ದರೆ ವೀಸಾಕ್ಕೆ ಬರೆದ ಪತ್ರದ ನಮೂನೆ, ದಿನದ ಖರ್ಚಿನ ಪಟ್ಟಿ ಎರಡೂ ನನ್ನ ಹತ್ತಿರ ಇವೆ, ಕೇಳಿ, ಕೊಡ್ತೀನಿ. ಪಿರೇಯಸ್‌ನ ಗೇಟ್ ನಂಬರ್ ಮಾತ್ರ ಟಿಕೆಟ್ ನೋಡಿ ಖಚಿತ ಮಾಡ್ಕೊಳಿ. ಗಂಡನನ್ನ ಕೇಳಬೇಡಿ.